ಅಕ್ಷರದೋಷವಿಲ್ಲದ ಕಂಪನಿ

ನಮ್ಮ ದೊಡ್ಡಪ್ಪ ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಔಷಧದ ಚೀಟಿಯನ್ನೂ ಕೆಂಪು ಪೆನ್ನು ಹಿಡಿದೇ ಓದುತ್ತಿದ್ದರು.

ಇಂಥವರ ಕೈಗೆ ಒಂದು ಸಾಫ್ಟ್‌ವೇರ್ ಕಂಪನಿಯ ವಾರ್ಷಿಕ ವರದಿ ಸಿಕ್ಕಿತು. ನೂರಾ ನಲವತ್ತು ಪುಟ, ಒಂದೇ ಒಂದು ಅಕ್ಷರದೋಷವಿಲ್ಲ. "ಇಷ್ಟು ಅಚ್ಚುಕಟ್ಟಾಗಿ ಪುಸ್ತಕ ಮಾಡೋರು ಮೋಸ ಮಾಡಲ್ಲ" ಎಂದು ತೀರ್ಪು ಕೊಟ್ಟೇಬಿಟ್ಟರು. ಆ ಬುದ್ಧಿಗೆ ಏನೆನ್ನಬೇಕು! ತಮ್ಮ ನಿವೃತ್ತಿಯ ಹಣದಲ್ಲಿ ಷೇರು ಕೊಂಡದ್ದಲ್ಲದೆ, ತಂಗಿಯಿಂದಲೂ ಕೊಳ್ಳಿಸಿದರು. ಆಕೆ ನನ್ನ ಸೋದರತ್ತೆ, ಬಟ್ಟೆ ಹೊಲಿದು ಬದುಕುವವಳು. ಅವಳು ಹಾಕಿದ್ದು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಗಂಟು.

ಕಂಪನಿ ಗಿರಾಕಿಗಳನ್ನು ಕಳೆದುಕೊಂಡಿತು, ಷೇರು ನೆಲಕಚ್ಚಿತು. ಅತ್ತೆ ಜಗಳವಾಡಲಿಲ್ಲ. ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು, ಅಷ್ಟೆ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

"ಆಡಳಿತದವರು ತಪ್ಪಾಯ್ತು ಅಂತ ಒಂದು ಮಾತು ಹೇಳಲಿ, ಅದನ್ನ ಹಿಡ್ಕೊಂಡು ಅವಳ ಹತ್ರ ಹೋಗ್ತೀನಿ" ಎನ್ನುತ್ತಿದ್ದರು ದೊಡ್ಡಪ್ಪ.

ಷೇರು ಬಿದ್ದ ಮೇಲೆ ಮೂರನೆಯ ವರ್ಷದ ವರದಿ ಬಂತು. ಅಧ್ಯಕ್ಷರ ಪತ್ರ ಓದಿದ ದೊಡ್ಡಪ್ಪ "ಇದನ್ನ ಎಲ್ಲೋ ಓದಿದ ಹಾಗಿದೆಯಲ್ಲ" ಎಂದು, ಅಚ್ಚುಕೂಟದ ಪದ್ಧತಿಯಂತೆ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಹಿಂದಿನ ವರ್ಷದ ಪತ್ರವನ್ನು ನಾನು ಗಟ್ಟಿಯಾಗಿ ಓದಬೇಕು, ಅವರು ಈ ವರ್ಷದ್ದರ ಮೇಲೆ ಬೆರಳಾಡಿಸುತ್ತಾ ಹೋಗಬೇಕು. ನಾಲ್ಕು ಪುಟದಲ್ಲಿ ಬೆರಳು ನಿಂತದ್ದು ಒಂದೇ ಕಡೆ, ಇಸವಿ ಬಂದಲ್ಲಿ. ಉಳಿದದ್ದೆಲ್ಲ ಮಕ್ಕಿಕಾಮಕ್ಕಿ.

ಷೇರುದಾರರ ವಾರ್ಷಿಕ ಸಭೆಗೆ ನನ್ನನ್ನೂ ಕರೆದುಕೊಂಡು ಹೋದ ದೊಡ್ಡಪ್ಪ, ಅಲ್ಲಿ ಎರಡೂ ವರದಿ ಹಿಡಿದು ಎದ್ದು ನಿಂತರು. "ಎರಡು ವರ್ಷಕ್ಕೂ ಒಂದೇ ಕಾಗದ ಬರೆದಿದ್ದೀರಿ. ನಾವು ಓದೋದೇ ಇಲ್ಲ ಅಂದ್ಕೊಂಡ್ರಾ? ನಮ್ಮಿಂದ ತಪ್ಪಾಯ್ತು ಅಂತ ಒಂದು ಮಾತು ಹೇಳೋಕಾಗಲ್ವಾ?"

ಸಭೆಯಲ್ಲಿ ಚಪ್ಪಾಳೆ ಬಿತ್ತು. ಅಧ್ಯಕ್ಷರು ಮುಗುಳ್ನಕ್ಕರು. "ಹಿರಿಯರ ಸಲಹೆ ಗಮನಿಸಿದ್ದೀವಿ. ಮುಂದಿನ ಪ್ರಶ್ನೆ."

ಮೈಕು ಮುಂದಿನ ಸಾಲಿಗೆ ಹೋಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನನಗೆ ಮೈಯೆಲ್ಲ ಉರಿಯಿತು. ದೊಡ್ಡಪ್ಪ ಹೊರಗೆ ನಡೆದು, ನೇರವಾಗಿ ಅತ್ತೆಯ ಹೊಲಿಗೆ ಅಂಗಡಿಗೆ ಹೋದರು. ನಾನೂ ಹಿಂದೆಯೇ ಹೋದೆ.

ಅತ್ತೆ ಅಂಗಿಯೊಂದಕ್ಕೆ ಕಾಜಾ ಹೊಲಿಯುತ್ತಿದ್ದಳು. ನಮ್ಮನ್ನು ಕಂಡರೂ ತಲೆ ಎತ್ತಲಿಲ್ಲ. ದೊಡ್ಡಪ್ಪ ಬಾಗಿಲಲ್ಲೇ ನಿಂತರು.

"ಅವರು ಏನೂ ಹೇಳಲಿಲ್ಲ ಕಣೇ. ಇನ್ನು ಹೇಳೋದೂ ಇಲ್ಲ. ನಾನೇ ಹೇಳ್ತೀನಿ. ನನ್ನಿಂದ ತಪ್ಪಾಯ್ತು."

ಅತ್ತೆ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಮೇಲೆ ನೋಡಿದಳು. ಅವಳ ಕಣ್ಣು ತುಂಬಿತ್ತು.

"ಅವರು ಯಾರಣ್ಣ ನನಗೆ? ನಾನು ದುಡ್ಡು ಕೊಟ್ಟಿದ್ದು ನಿನ್ನ ಕೈಗೆ. ಇಷ್ಟು ಹೇಳೋದಕ್ಕೆ ಮೂರು ವರ್ಷ ಬೇಕಾಯ್ತಾ ನಿನಗೆ?"