ಗಾಳಿ ಬೇಡದ ತೊಟ್ಟಿ

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ನಾನು ಸುತ್ತಿ ಬಳಸಿ ಹೇಳುವವಳಲ್ಲ. ಊರ ಗಟಾರದ ನೀರು ಪರೀಕ್ಷೆ ಮಾಡುತ್ತೇನೆ. ಮೂಗು ಮುರಿಯುವವರು ಮುರಿಯಲಿ. ಒಮ್ಮೆ ಬಸ್ಸಿನಲ್ಲಿ ಪಕ್ಕದ ಹೆಂಗಸು ಇದನ್ನು ಕೇಳಿ ಸೆರಗನ್ನು ತನ್ನ ಕಡೆ ಎಳೆದುಕೊಂಡಳು. ಬಿಡುತ್ತೇನೆಯೇ? ಬೈಲಹೊಂಗಲದಿಂದ ಸವದತ್ತಿ ಬರುವವರೆಗೂ ಆಕೆಗೆ ಬ್ಯಾಕ್ಟೀರಿಯಾಗಳ ಕಥೆ ಹೇಳಿದೆ. ಇಳಿಯುವಾಗ ಆಕೆ, "ನಮ್ಮ ಬಚ್ಚಲ ನೀರಾಗ ಇಷ್ಟೆಲ್ಲಾ ನಡದಿರತೈತೇನ್ರೀ?" ಎಂದಳು. ಅವತ್ತು ಇಡೀ ದಿನ ನಾನು ಖುಷಿಯಲ್ಲಿದ್ದೆ.

ನಾನು ಕಟಕೋಳದವಳು. ಕೆಲಸ ಸಿಕ್ಕಿದ್ದು ಸವದತ್ತಿ ಸೀಮೆಯ ಒಂದು ಸಣ್ಣ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ. ಅಲ್ಲಿಂದ ಹೊರಬಿದ್ದ ನೀರು ಹಳ್ಳ ಸೇರಿ ಮಲಪ್ರಭೆಗೆ ಹೋಗುತ್ತದೆ. ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು ಐವತ್ತು ದಾಟಿದ ಒಬ್ಬ ಗೃಹಸ್ಥರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಮೊದಲು ಹತ್ತಿ ಜಿನ್ನಿನಲ್ಲಿ ದುಡಿದು, ಆ ಧೂಳು ಕುಡಿದು ಕುಡಿದು ದಮ್ಮು ಹತ್ತಿಸಿಕೊಂಡಿದ್ದರು. ಅಂಗಿಯ ಕಿಸೆಯಲ್ಲಿ ಸದಾ ಬಾಯಿಗೆ ಹಿಡಿದು ಎಳೆಯುವ ಔಷಧಿಯ ಪಂಪು ಇರುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಅವರನ್ನು ತೊಟ್ಟಿಯ ಕಟ್ಟೆಯ ಮೇಲೆ ನಿಲ್ಲಿಸಿ ಪಾಠ ಮಾಡಿದ್ದೆ. ಬಚ್ಚಲು ಪಾಯಖಾನೆಗಳಿಂದ ಬರುವ ನೀರಿನಲ್ಲಿ ಅಮೋನಿಯಾ ಇರುತ್ತದೆ, ಅದರೊಳಗೆ ಸಾರಜನಕವಿದೆ. ಹೊಲಕ್ಕೆ ಯೂರಿಯಾ ಚೀಲ ಹೊತ್ತು ಹಾಕುವುದು ಇದೇ ಸಾರಜನಕಕ್ಕಾಗಿ. ಆದರೆ ಹೊಳೆಗೆ ಹೋದರೆ ಪಾಚಿ ಕಟ್ಟಿ ಮೀನು ಸಾಯುತ್ತವೆ. ನಮ್ಮಲ್ಲಿ ಅಕ್ಕಪಕ್ಕ ಎರಡು ತೊಟ್ಟಿಗಳಿವೆ, ಎರಡನೆಯದರಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿ ಕುಡಿದು ಆ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. "ಕೋಟಿ ಕೋಟಿ ಜೀವ ಅದಾವ ಕಾಕಾ ಇದರಾಗ! ಒಂದ್ ತಾಸು ಗಾಳಿ ಇಲ್ಲಂದ್ರ ಒದ್ದಾಡತಾವ," ಎಂದೆ. ಅಷ್ಟರಲ್ಲಿ ಊಟದ ಹೊತ್ತಾಯಿತು. ನಾನು ಡಬ್ಬಿ ಬಿಚ್ಚಲು ಹೋದೆ. ಮೊದಲನೆಯ ತೊಟ್ಟಿಯ ಕಥೆ ಹೇಳಲೇ ಇಲ್ಲ.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಹೊರಗೆ ಬಿಡುವ ನೀರಿನಲ್ಲಿ ನೈಟ್ರೇಟ್ ಇಳಿಯಲೇ ಒಲ್ಲದು. ಮಾದರಿ ಮೂರು ಸಲ ಸರ್ಕಾರಿ ಪ್ರಯೋಗಾಲಯಕ್ಕೆ ಹೋಯಿತು, ಮೂರು ಸಲವೂ ನಪಾಸು. ದಸರೆ ಮುಗಿದ ವಾರದಲ್ಲಿ ನಾಲ್ಕನೆಯದು ಹೋಗಬೇಕಿತ್ತು. ಅದೂ ತಪ್ಪಿದರೆ ನನ್ನ ಬದಲು ಬೇರೆಯವರನ್ನು ಹಾಕುತ್ತೇವೆಂದು ಗುತ್ತಿಗೆದಾರರು ಫೋನಿನಲ್ಲಿ ತಣ್ಣಗೆ ಹೇಳಿದರು. ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಕಾಕಾನಿಗೆ ಮಾತ್ರ ಹೇಳಿದೆ. "ಹುಳಾ ಛಲೋ ಅದಾವಲ್ರೀ ಅಕ್ಕಾರ, ನಾ ಛಲೋತಂಗ ನೋಡ್ಕೊಳಾಕ ಹತ್ತೇನಿ," ಎಂದು ಅವರು ಮುಖ ಸಣ್ಣದು ಮಾಡಿಕೊಂಡರು.

ದಸರೆಯಲ್ಲಿ ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೇಪೂಜೆಯ ದಿನ ನಾನು ಕಟಕೋಳದ ಮನೆಯಲ್ಲಿದ್ದೆ. ಮನಸ್ಸು ನಿಲ್ಲದೆ ಮಧ್ಯಾಹ್ನಕ್ಕೆ ಬಸ್ಸು ಹತ್ತಿ ಘಟಕಕ್ಕೆ ಬಂದೆ. ಗೇಟಿನೊಳಗೆ ಕಾಲಿಟ್ಟರೆ ಸದ್ದೇ ಇಲ್ಲ! ಗಾಳಿ ಊದುವ ಬ್ಲೋವರ್ ನಿಂತಿದೆ, ನೀರು ಕಲಕುವ ಮಿಕ್ಸರ್ ನಿಂತಿದೆ, ಪಂಪು ನಿಂತಿದೆ. ಎಲ್ಲದಕ್ಕೂ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಕಾಕಾ ಕೈಯಲ್ಲಿ ಪ್ರಸಾದ ಹಿಡಿದು ನಗುತ್ತಾ ಬಂದರು.

"ಯಾವಾಗಿಂದ ಬಂದ್ ಐತಿ?" ಎಂದೆ.

"ಮುಂಜಾನಿಂದ್ರೀ. ಪೂಜಿ ಆದ ಮ್ಯಾಲ ಮಿಷನ್ ಮುಟ್ಟಬಾರದಲ್ರೀ. ವರ್ಷಕ್ಕೊಂದ್ ದಿನ ಅವಕ್ಕೂ ಸೂಟಿ ಬ್ಯಾಡೇನು?"

ಪಿತ್ತ ನೆತ್ತಿಗೇರಿತು. "ಸೂಟಿ ನನಗ ಕೊಡಾಕ ಹತ್ಯಾರ ಕಾಕಾ, ಕಾಯಂ ಸೂಟಿ!" ಎಂದು ಕೂಗಾಡಿ, ಪ್ರಸಾದವನ್ನೂ ಮುಟ್ಟದೆ ತೊಟ್ಟಿಗಳ ಕಡೆ ಓಡಿದೆ.

ಮೊದಲನೆಯ ತೊಟ್ಟಿಯ ಹತ್ತಿರ ಕಾಲು ಹಾಗೇ ನಿಂತಿತು. ಮಿಕ್ಸರ್ ಇಲ್ಲದ್ದರಿಂದ ನೀರು ಅಲುಗದೆ ನಿಂತಿತ್ತು. ಅದರ ತುಂಬ ಸಣ್ಣ ಸಣ್ಣ ಗುಳ್ಳೆಗಳು ಮೇಲೆ ಬರುತ್ತಿದ್ದವು. ಬ್ಲೋವರ್ ಬಂದಾಗಿದೆ, ಹಾಗಾದರೆ ಈ ಗುಳ್ಳೆ ಎಲ್ಲಿಯವು? ಬಾಟಲಿಯಲ್ಲಿ ನೀರು ತುಂಬಿಕೊಂಡು ಕೋಣೆಗೆ ಓಡಿದೆ, ಸೋಸಿದೆ, ಪರೀಕ್ಷೆಯ ಪುಡಿ ಹಾಕಿದೆ. ನೈಟ್ರೇಟ್ ಇದ್ದರೆ ನೀರು ಕೆಂಪಾಗಬೇಕು. ದಿನವೂ ದಾಳಿಂಬೆ ರಸದ ಹಾಗೆ ಆಗುತ್ತಿದ್ದದ್ದು ಅವತ್ತು ಬರೀ ನೀರಿನ ಹಾಗೇ ಉಳಿಯಿತು. ಪುಡಿ ಕೆಟ್ಟಿರಬೇಕೆಂದು ಹೊಸ ಪೊಟ್ಟಣ ಒಡೆದೆ. ಮತ್ತೂ ಬಣ್ಣವಿಲ್ಲ! ಅಯ್ಯೋ ನನ್ನಪ್ಪಾ, ಒಬ್ಬಳೇ ಕುಣಿದುಬಿಟ್ಟೆ.

ಮೊದಲನೆಯ ತೊಟ್ಟಿ ಮಾಡಬೇಕಾದ ಕೆಲಸವೇ ಇದು. ಎರಡನೆಯದರಲ್ಲಿ ತಯಾರಾದ ನೈಟ್ರೇಟ್ ನೀರನ್ನು ಪಂಪಿನಿಂದ ಮತ್ತೆ ಮೊದಲನೆಯದಕ್ಕೆ ತರುತ್ತೇವೆ. ಅಲ್ಲಿರುವುದು ಬೇರೆ ಜಾತಿಯ ಬ್ಯಾಕ್ಟೀರಿಯಾ. ಗಾಳಿ ಸಿಕ್ಕರೆ ಅವು ನೈಟ್ರೇಟನ್ನು ತಿರುಗಿಯೂ ನೋಡುವುದಿಲ್ಲ. ಗಾಳಿ ಸಿಗದಿದ್ದರೆ ಮಾತ್ರ ನೈಟ್ರೇಟಿನೊಳಗಿನ ಆಮ್ಲಜನಕ ಕಿತ್ತುಕೊಂಡು ಉಸಿರಾಡುತ್ತವೆ, ಕೊಳಚೆಯನ್ನೇ ತಿನ್ನುತ್ತವೆ. ಉಳಿದ ಸಾರಜನಕ ಗುಳ್ಳೆಯಾಗಿ ಮೇಲೇರಿ ಗಾಳಿಯಲ್ಲಿ ಸೇರಿಹೋಗುತ್ತದೆ. ಅದರಿಂದ ಯಾರಿಗೂ ಅಪಾಯವಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚಿನ ಪಾಲು ಅದೇ ಇದೆ. ಪುಸ್ತಕದಲ್ಲಿ ನೂರು ಸಲ ಓದಿದ್ದೆ. ಕಣ್ಣಾರೆ ಕಂಡದ್ದು ಅವತ್ತೇ.

ಆದರೆ ಬ್ಲೋವರ್ ಇರುವುದು ಎರಡನೆಯ ತೊಟ್ಟಿಗೆ. ಅದು ನಿಂತರೆ ಮೊದಲನೆಯದಕ್ಕೆ ಏನು ವ್ಯತ್ಯಾಸ? ನನ್ನ ತಲೆ ಆಗ ಓಡಿತು. ಬ್ಲೋವರಿನ ಪೈಪು ಹಿಡಿದು ಗೋಡೆಗುಂಟ ನಡೆದೆ. ಒಂದು ಕಡೆ ಹಳೆಯ ಗೋಣಿಚೀಲ ಹೊದಿಸಿತ್ತು. ಎಳೆದೆ. ಅದರ ಕೆಳಗೆ, ಕಬ್ಬಿನ ಹೊಲಕ್ಕೆ ಹಾಸುವ ಕರಿ ಡ್ರಿಪ್ ಪೈಪು! ಬ್ಲೋವರಿನ ಪೈಪಿಗೆ ಜೋಡಿಸಿ, ಗಾಳಿ ಬಿಡಲು ನಿಲ್ಲಿಸಲು ತಿರುವುವ ಸಣ್ಣ ಕಾಕು ಹಾಕಿ, ಮೊದಲನೆಯ ತೊಟ್ಟಿಯೊಳಗೆ ಇಳಿಬಿಟ್ಟಿದ್ದರು. ಮಿಕ್ಸರ್ ಸದಾ ನೀರು ಕಲಕುತ್ತಿದ್ದುದರಿಂದ ಅದರ ಗುಳ್ಳೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಮ್ಲಜನಕ ಅಳೆಯುವ ಮೀಟರು ರಿಪೇರಿಗೆ ಹೋಗಿ ತಿಂಗಳುಗಳಾಗಿದ್ದವು.

"ಕಾಕಾ, ಇದೇನು?"

ಅವರು ಹಿಂದೆಯೇ ಬಂದು ನಿಂತಿದ್ದರು. "ಆ ಕಡೆ ಹುಳಕ್ಕ ಗಾಳಿ ಬಿಡತೇವಿ, ಈ ಕಡೆಯವಕ್ಕ ಇಲ್ಲ. ನೀವ ಅಂದ್ರಿ, ಗಾಳಿ ಇಲ್ಲಂದ್ರ ಒದ್ದಾಡತಾವಂತ." ಕೈ ತಾನಾಗಿ ಕಿಸೆಯ ಪಂಪಿನ ಮೇಲೆ ಹೋಯಿತು. "ದಮ್ ಸಿಗಲಿಲ್ಲಂದ್ರ ಹೆಂಗಿರತೈತಿ ಅಂತ ನನಗ ಗೊತ್ತೈತ್ರೀ ಅಕ್ಕಾರ."

ಯಾರನ್ನು ಬೈಯಲಿ? ಅರ್ಧ ಪಾಠ ಮಾಡಿ ಊಟಕ್ಕೆ ಓಡಿದವಳು ನಾನು. ಅವರನ್ನು ಕಟ್ಟೆಯ ಮೇಲೆ ಕೂರಿಸಿ ಉಳಿದ ಅರ್ಧ ಹೇಳಿದೆ. "ನೋಡ್ರಿ ಇಲ್ಲೆ, ಇವು ಸಾಯಾಕ ಹತ್ತಿಲ್ಲ. ಉಸಿರಾಡಾಕ ಹತ್ಯಾವ. ಇವುಗಳ ದಮ್ಮು ನೈಟ್ರೇಟಿನಾಗ ಐತಿ." ಅವರು ಬಗ್ಗಿ ಬಹಳ ಹೊತ್ತು ಗುಳ್ಳೆಗಳನ್ನು ನೋಡಿದರು. "ಖರೇನ?" ಎಂದರು. "ಖರೇ, ನಿಮ್ಮಾಣೆ!" ಎಂದೆ. ಅವರೇ ಎದ್ದು ಹೋಗಿ ಕಾಕು ತಿರುವಿ, ಡ್ರಿಪ್ ಪೈಪನ್ನು ಕಿತ್ತು ಸುತ್ತಿಟ್ಟರು. ಮಿಷನ್ನುಗಳಿಗೆ ಕೈ ಮುಗಿದು, ತಪ್ಪಾತು ಎಂದು ಗಲ್ಲ ಗಲ್ಲ ಬಡಿದುಕೊಂಡು, ಎರಡನೆಯ ತೊಟ್ಟಿಯ ಬ್ಲೋವರ್, ಪಂಪು, ಮಿಕ್ಸರ್ ಎಲ್ಲ ಚಾಲೂ ಮಾಡಿದರು. ಅಷ್ಟು ಹೊತ್ತು ಗಾಳಿಯಿಲ್ಲದೆ ಎರಡನೆಯದರಲ್ಲಿ ಅಮೋನಿಯಾ ಏರಿತ್ತು. ಇಳಿಯಲು ಎರಡು ದಿನ ಹಿಡಿಯಿತು.

ನಾಲ್ಕನೆಯ ಮಾದರಿ ಹೋಯಿತು. ವರದಿ ಬರುವವರೆಗೆ ನನಗೆ ಅನ್ನ ಇಳಿಯಲಿಲ್ಲ. ಬಂದ ದಿನ ಫೋನು ಕೆಳಗಿಟ್ಟವಳೇ ಆಫೀಸಿನಿಂದ ತೊಟ್ಟಿಯವರೆಗೆ ಒಂದೇ ಉಸಿರಿನಲ್ಲಿ ಓಡಿದೆ. ಕಾಕಾ ಕಟ್ಟೆಯ ಮೇಲೆ ಕುಂತು ನೀರು ನೋಡುತ್ತಿದ್ದರು. ಬಾಯಿ ತೆರೆದರೆ ಮಾತೇ ಹೊರಡುತ್ತಿಲ್ಲ, ಕಣ್ಣಲ್ಲಿ ಬೇರೆ ನೀರು. ನನ್ನ ಮುಖ ನೋಡಿ ಅವರು ಬಿಳಿಚಿಕೊಂಡರು. ಕಿಸೆಗೆ ಕೈ ಹಾಕಿ, ಪಂಪಿನ ಹಿಂದಿನಿಂದ ನಾಲ್ಕು ಮಡಿಕೆಯ ಚೀಟಿಯೊಂದನ್ನು ತೆಗೆದು ನನ್ನ ಕೈಗಿಟ್ಟರು.

"ಇದನ್ನ ಗುತ್ತಿಗೆದಾರ ಸಾಹೇಬ್ರಿಗೆ ಕಳಸ್ರಿ," ಎಂದರು.

ದಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದರು: ಆ ತೊಟ್ಟಿಗೆ ಗಾಳಿ ಬಿಟ್ಟಾಂವ ನಾನು. ಅಕ್ಕಾರಿಗೆ ಗೊತ್ತಿರಲಿಲ್ಲ. ತೆಗೆಯೂದಿದ್ದರ ನನ್ನ ತೆಗೀರಿ.

ಮಡಿಕೆಗಳು ಸವೆದಿದ್ದವು, ಖಂಡೇಪೂಜೆಯ ದಿನವೇ ಬರೆದು ಇಟ್ಟುಕೊಂಡಿರಬೇಕು. ನಾನು ಏನೋ ಹೇಳಲು ಹೋಗಿ ಮತ್ತೆ ಏದುಸಿರು ಬಿಟ್ಟೆ.

"ಕುಂದರ್ರಿ ಅಕ್ಕಾರ, ಮೊದಲ ದಮ್ ತಗೋರಿ," ಎಂದು ಅವರು ನನ್ನ ಬೆನ್ನು ಸವರಿದರು.

ಕುಂತೆ. ದಮ್ಮು ತಗೊಂಡೆ. ಆಮೇಲೆ ಹೇಳಿದೆ: "ಪಾಸಾತು ಕಾಕಾ."