ಲಿಫ್ಟಿನವನ ರಿಮೋಟು

ತಂಗಿಗೆ ನೋಡಿದ್ದ ಗಂಡನ್ನು ಅಕ್ಕ ಮೊದಲು ಕಂಡದ್ದು ಒಂದು ದೊಡ್ಡ ಕಚೇರಿಯ ಲಿಫ್ಟಿನೊಳಗೆ. ನೀಲಿ ಸಮವಸ್ತ್ರ ತೊಟ್ಟು, ಮೂಲೆಯ ಸ್ಟೂಲಿನ ಮೇಲೆ ದರ್ಬಾರು ನಡೆಸುತ್ತಿದ್ದ. ಅವಳು ಬಟನ್ನಿನತ್ತ ಬೆರಳು ಚಾಚಿದ್ದೇ ತಡ, "ಮುಟ್ಬೇಡಿ! ಇದಕ್ಕೆಲ್ಲ ಟ್ರೈನಿಂಗ್ ಆಗಿರ್ಬೇಕು" ಎಂದು ಗದರಿದ. ಬಟನ್ ಒತ್ತುವುದಕ್ಕೂ ತರಬೇತಿ! ಕಚೇರಿಯವರು ಅವನನ್ನು ಬಟನ್ ಸಾಹೇಬ ಎಂದು ಸುಮ್ಮನೆ ಕರೆಯುತ್ತಿರಲಿಲ್ಲ. ಹೇಗೋ ಮದುವೆಯಂತೂ ಆಗಿಹೋಯಿತು.

ಕಾಲ ಉರುಳಿ, ಜನ ತಾವೇ ಒತ್ತಿಕೊಂಡು ಹೋಗುವ ಲಿಫ್ಟು ಬಂತು. ಕೆಲಸ ಹೋಗಿ ಸಾಹೇಬರು ಮನೆಗೆ ಬಂದರು. ಆಳಲು ಉಳಿದಿದ್ದ ಬಟನ್ನುಗಳೆಂದರೆ ಟಿವಿ ರಿಮೋಟಿನವು ಮಾತ್ರ. ರಿಮೋಟು ಅವನ ಜೇಬು ಸೇರಿತು. ಬಚ್ಚಲಿಗೆ ಹೋದರೂ ಜೊತೆಗೇ.

ತಂಗಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಅಕ್ಕ ಆರೈಕೆಗೆಂದು ಬಂದಳು. ಮಂಚದ ಎದುರಿನ ಟಿವಿ ಒಂದೇ ತಂಗಿಗೆ ಹೊರಗಿನ ಲೋಕ. ಹಾಡು ಬೇಕೆಂದರೆ ಗಂಡನನ್ನು ಗೋಗರೆಯಬೇಕು. ಅವನೋ ಕೈಯನ್ನು ಈಟಿಯಂತೆ ಚಾಚಿ, ಹಲ್ಲು ಕಚ್ಚಿ ಒತ್ತುವನು. ಬಲವಾಗಿ ಒತ್ತದಿದ್ದರೆ ಟಿವಿಗೆ ಕಿವಿ ಕೇಳಿಸದೇನೋ ಎಂಬಂತೆ. ಹಾಡು ಅರ್ಧವಾಗುವಷ್ಟರಲ್ಲಿ ಕುಸ್ತಿಗೆ ತಿರುಗಿಸಿಬಿಡುವನು.

ಬಟನ್ನು ಸವೆಯಬಾರದೆಂದು ಒಂದು ಬೆಳಿಗ್ಗೆ ರಿಮೋಟಿಗೆ ಚೀಲ ಹೊಲಿದ. ಹೊರಗೆ ಹಳೆಯ ಸಮವಸ್ತ್ರದ ಬಟ್ಟೆ, ಒಳಗೆ ಹರಿದ ಮಳೆಯಂಗಿಯ ರಬ್ಬರು, ತಲೆಯಿಂದ ಬುಡದವರೆಗೆ ಕುಡುಕ ನಡೆದ ದಾರಿಯಂಥ ಹೊಲಿಗೆ. ಅದೇ ಹೊತ್ತಿಗೆ ತಂಗಿಯ ಹಾಲಿನ ಲೋಟ ಹಾಸಿಗೆಯ ಮೇಲೆ ಮಗುಚಿತು. ಸಂಜೆ ಜಪ್ಪಯ್ಯ ಅಂದರೂ ಟಿವಿ ಹತ್ತಲಿಲ್ಲ.

"ಹಾಲು ಕುಡಿಸಿ ಕೊಂದೆಯಲ್ಲೇ ರಿಮೋಟನ್ನ!"

"ನಾನು ಮುಟ್ಟೇ ಇಲ್ಲ. ನಿಮ್ಮ ಜೇಬಲ್ಲೇ ಇತ್ತಲ್ಲ?"

"ಹಸಿ ಗಾಳಿ ಸಾಕು ಇದಕ್ಕೆ. ಇನ್ಮೇಲೆ ಈ ರೂಮಲ್ಲಿ ಟಿವಿ ಬೇಡ. ನಾಳೆ ಮೆಕ್ಯಾನಿಕ್ ಬಂದು ಹೊರಗಿನ ಹಾಲ್‌ಗೆ ಹಾಕ್ತಾನೆ."

ತಂಗಿ ಗೋಡೆಯ ಕಡೆ ಮುಖ ತಿರುಗಿಸಿದಳು. ಎದ್ದು ಹಾಲ್‌ಗೆ ಹೋಗಲು ಅವಳಿಗೆ ಕಾಲೆಲ್ಲಿ? ಅಕ್ಕನಿಗೆ ರೇಗಿತು. "ರಬ್ಬರ್ ಅಂಗಿ ತೊಡಿಸಿದ್ದೀಯಲ್ಲಪ್ಪ, ಉಸಿರು ಕಟ್ಟಿರ್ಬೇಕು ಅದಕ್ಕೆ" ಎಂದಳು.

"ಬಟನ್ ವಿಷಯ ನನಗೆ ಹೇಳ್ಕೊಡ್ಬೇಡಿ ಅತ್ತಿಗೆ."

ಮರುದಿನ ಬಂದ ಮೆಕ್ಯಾನಿಕ್ಕು ಬ್ಲೇಡಿನಿಂದ ಹೊಲಿಗೆ ಸೀಳಿ ರಿಮೋಟನ್ನು ಹೊರತೆಗೆದ. ಅದರ ಮೂತಿಗೆ ಫೋನಿನ ಕ್ಯಾಮೆರಾ ಹಿಡಿದು ಒತ್ತಿದ. ಬರಿಗಣ್ಣಿಗೆ ಏನೂ ಇಲ್ಲ. ಫೋನಿನ ಪರದೆಯಲ್ಲಿ ಪುಟ್ಟ ಬಲ್ಬು ನೇರಳೆಯಾಗಿ ಮಿಣಮಿಣ ಎಂದಿತು.

"ಈ ಬೆಳಕು ನಮ್ಮ ಕಣ್ಣಿಗೆ ಕಾಣಲ್ಲ ಸಾರ್. ಒಂದೊಂದು ಬಟನ್ನಿಗೆ ಒಂದೊಂದು ಥರ ಮಿಣುಕುತ್ತೆ. ಟಿವಿಯ ಅಂಚಲ್ಲಿರೋ ಈ ಕಪ್ಪು ಕಣ್ಣು ಅದನ್ನ ಗುರುತು ಹಿಡಿಯುತ್ತೆ. ನೀವು ಗುದ್ದಿ ಒತ್ತಿದ್ರೂ ಬೆಳಕು ಅಷ್ಟೇ. ಮೂತಿಗೇ ರಬ್ಬರ್ ಕಟ್ಟಿದ್ರೆ ಪಾಪ ಅದೇನು ಮಾಡುತ್ತೆ?"

"ಹಾಗಾದ್ರೆ... ಹಾಲು?"

"ಹಾಲಿಗೂ ಇದಕ್ಕೂ ಎಲ್ಲಿಯ ಸಂಬಂಧ ಸಾರ್!"

ಮೆಕ್ಯಾನಿಕ್ಕು ರಿಮೋಟನ್ನು ಮಂಚದ ಮೇಲಿಟ್ಟು ಹೊರಟ. ತಂಗಿ ಅದನ್ನು ಎತ್ತಿಕೊಂಡಳು. ಸಾಹೇಬರು ಕೈ ಚಾಚಿದರು.

"ಟಿವಿನೂ ಇಲ್ಲೇ ಇರುತ್ತೆ, ಇದೂ ಇಲ್ಲೇ ಇರುತ್ತೆ" ಎಂದ ತಂಗಿ, ಕಿರುಬೆರಳಿನಿಂದ ಸವರಿದಂತೆ ಒತ್ತಿದಳು. ಹಾಡು ಬಂತು.

ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವನು ಅದರಿಂದಲೇ ತಲೆ ಕೆರೆದುಕೊಂಡು ಕುರ್ಚಿಯಲ್ಲಿ ಕೂತ. ಹೆಂಡತಿಯನ್ನು ಕೇಳಲು ನಾಲಿಗೆ ಏಳಲಿಲ್ಲ. ಅಕ್ಕನತ್ತ ಬಾಗಿ ಪಿಸುಗುಟ್ಟಿದ:

"ಅತ್ತಿಗೆ, ಸೌಂಡು ಒಂಚೂರು ಜಾಸ್ತಿ ಮಾಡು ಅಂತ ಅವಳಿಗೆ ನೀವು ಹೇಳ್ತೀರಾ?"