ವಾದಿ ಅದಾಯ್‌ನ ಭಾಭೀಜಿ ಚುನಾವಣೆಗೆ ನಿಂತದ್ದು

ಮಸ್ಕತ್‌ನ ವಾದಿ ಅದಾಯ್ ಬಡಾವಣೆಯ ಈ ಕಟ್ಟಡಕ್ಕೆ ಬಂದ ಮೊದಲ ಶುಕ್ರವಾರ ಎದುರು ಮನೆಯಲ್ಲಿ ಎದ್ದ ಗಲಾಟೆಗೆ ಹೆದರಿ ನಾನು ಬಾಗಿಲ ಚಿಲಕ ಹಾಕಿಕೊಂಡಿದ್ದೆ. ನಾಲ್ಕಾರು ಗಂಡಸರು ಒಟ್ಟಿಗೆ ಕೂಗುತ್ತಿದ್ದರು, ಯಾರೋ ಮೇಜು ಗುದ್ದುತ್ತಿದ್ದರು. ಕೊನೆಗೆ ಜೋರಾಗಿ ನಗೆ ಕೇಳಿಸಿತು. ಅದು ಜಗಳವಲ್ಲ, ರಾಜಕೀಯ ಎಂದು ತಿಳಿಯಲು ನನಗೆ ಇನ್ನೂ ಒಂದೆರಡು ವಾರ ಬೇಕಾಯಿತು.

ಎದುರು ಮನೆ ಒಬ್ಬ ಸರ್ದಾರ್ಜಿಯದು. ಊರಾಚೆಯ ಘಾಲಾ ಕೈಗಾರಿಕಾ ಪ್ರದೇಶದಲ್ಲಿ ಕ್ರೇನ್ ರಿಪೇರಿಯ ವರ್ಕ್‌ಶಾಪ್ ನಡೆಸುತ್ತಿದ್ದರು. ಅವರ ಅಣ್ಣನ ಮಗ ದೂರದ ಸೊಹಾರ್‌ನ ಉಕ್ಕಿನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ನನ್ನ ಗಂಡನಿಗೂ ಕೆಲಸ ಸೊಹಾರ್‌ನಲ್ಲೇ ಇದ್ದುದರಿಂದ ಇಬ್ಬರೂ ಶುಕ್ರವಾರದ ರಜೆಗೆಂದು ಗುರುವಾರ ಸಂಜೆ ಒಂದೇ ಕಾರಿನಲ್ಲಿ ಮಸ್ಕತ್‌ಗೆ ಬರುತ್ತಿದ್ದರು. ಹಾಗೆ ಪರಿಚಯವಾಗಿ, ಶುಕ್ರವಾರ ಚರ್ಚು ಮುಗಿಸಿ ಬಂದ ನಮಗೆ ಅವರ ಮನೆಯ ರಾಜ್ಮಾ ಅನ್ನ ಖಾಯಂ ಆಯಿತು. ಸರ್ದಾರ್ಜಿಯ ಹೆಂಡತಿಯನ್ನು ನಾನು ಭಾಭೀಜಿ, ಅತ್ತಿಗೆ, ಎನ್ನುತ್ತಿದ್ದೆ; ಅವರಿಗೆ ನಾನು ಭೈಣ್, ತಂಗಿ. ಅವರ ಮಗಳೂ ನನ್ನ ಮಗನೂ ಒಂದೇ ಭಾರತೀಯ ಶಾಲೆಯಲ್ಲಿ, ಮಧ್ಯಾಹ್ನದ ಪಾಳಿಯಲ್ಲಿ ಓದುತ್ತಿದ್ದರು.

ನಮ್ಮ ಕಡೆಯವರು ಊರಿನ ರಾಜಕೀಯವನ್ನು ಮಂಗಳೂರಲ್ಲಿ ವಿಮಾನ ಹತ್ತುವಾಗಲೇ ಬಿಟ್ಟು ಬಂದವರಂತೆ ನಟಿಸುತ್ತೇವೆ. ನಾವು ಉಡುಪಿಯ ಕೊಂಕಣಿ ಕ್ರೈಸ್ತರು. ಕೆಳಗಡೆ ಅಂಗಡಿ ಇಟ್ಟಿರುವ ಬ್ಯಾರಿಗಳು ಬಂಟ್ವಾಳದ ಮುಸ್ಲಿಮರು. ಸಿಕ್ಕಾಗ ಮೀನಿನ ರೇಟು, ವಿಮಾನದ ಟಿಕೆಟು, ಮಕ್ಕಳ ಮಾರ್ಕು ಎಲ್ಲ ಮಾತಾಡುತ್ತೇವೆ. ಚುನಾವಣೆಯ ವಿಷಯ ಬಂದರೆ ಇಬ್ಬರೂ ತಟಕ್ಕನೆ ಸೆಕೆಯ ಬಗ್ಗೆ ಮಾತು ತೆಗೆಯುತ್ತೇವೆ. ಸರ್ದಾರ್ಜಿಯ ಮನೆಯಲ್ಲಿ ಅಂಥ ನಾಜೂಕು ಇರಲಿಲ್ಲ.

ಮೇಜಿನ ನಡುವೆ ದಾಲ್ ಪಾತ್ರೆಗೆ ಫೋನು ಒರಗಿಸಿಟ್ಟಿರುತ್ತಿದ್ದರು. ಅದರೊಳಗೆ ಕೆನಡಾದಲ್ಲಿ ಲಾರಿ ಓಡಿಸುವ ಸರ್ದಾರ್ಜಿಯ ತಮ್ಮ. ಅವನು ಅಲ್ಲಿಂದ ಪಂಜಾಬ್ ಹೇಗೆ ನಡೆಯಬೇಕು ಎಂದು ಭಾಷಣ ಮಾಡುತ್ತಿದ್ದ. ಸರ್ದಾರ್ಜಿ ಇಲ್ಲಿಂದ ಗುಡುಗುತ್ತಿದ್ದರು. "ನಿನ್ನ ಜೇಬಲ್ಲಿ ಆ ದೇಶದ ಪಾಸ್‌ಪೋರ್ಟ್ ಇದೆ, ಓಟಿದೆ. ನನ್ನ ಜೇಬಲ್ಲಿ ಇರೋದು ರೆಸಿಡೆಂಟ್ ಕಾರ್ಡು. ವೀಸಾ ಕೊಟ್ಟ ಕಫೀಲ್ ಖಲಾಸ್ ಅಂದ ದಿನ ನಾನು ಪೆಟ್ಟಿಗೆ ಕಟ್ಟಿಕೊಂಡು ಅದೇ ಊರಿಗೆ ಹೋಗಬೇಕು. ನೀನು ಅಲ್ಲಿಂದ ಕಡ್ಡಿ ಗೀರಿದರೆ ಹೊಗೆ ಬರೋದು ನನ್ನ ಕಣ್ಣಿಗೆ!"

"ನೀವಿಬ್ಬರೂ ಸುಮ್ಮನೆ ಕೂಗ್ತೀರಿ ಚಾಚಾಜಿ," ಎನ್ನುತ್ತಿದ್ದ ಅಣ್ಣನ ಮಗ. "ಊರಲ್ಲಿ ಓಟು ಹಾಕೋಕೆ ಯಾರಿದ್ದಾರೆ? ನನ್ನ ಕ್ಲಾಸಿನವರೆಲ್ಲ ಇಂಗ್ಲಿಷ್ ಪರೀಕ್ಷೆ ಕಟ್ಟಿ ವಿದೇಶಕ್ಕೆ ಹೋಗಿಬಿಟ್ಟರು."

ಭಾಭೀಜಿ ಬಿಸಿ ರೊಟ್ಟಿ ತಂದು ಹಾಕುತ್ತ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದರು. ಅವರಿಗೆ ಅಭಿಪ್ರಾಯ ಇಲ್ಲ ಎಂದು ನಾನು ತಿಳಿದಿದ್ದೆ. ಒಮ್ಮೆ ಅಡುಗೆ ಮನೆಯಲ್ಲಿ ಫೋನು ತೆಗೆದು ಒಂದು ವಿಡಿಯೋ ತೋರಿಸಿದರು. ರೈತರು ದೆಹಲಿಯ ಗಡಿಯಲ್ಲಿ ಕೂತಿದ್ದ ಚಳಿಗಾಲದ್ದು. ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನಿಂತು, ಶಾಲು ಹೊದ್ದು ಮೈಕು ಹಿಡಿದಿದ್ದ ಮುದುಕಿಯೊಬ್ಬರು ಸಾವಿರಾರು ಜನರ ಮುಂದೆ ಮಾತಾಡುತ್ತಿದ್ದರು.

"ನನ್ನ ಅಮ್ಮ," ಎಂದರು ಭಾಭೀಜಿ. "ನಮ್ಮ ಅಪ್ಪನ ಎದುರು ಜೋರಾಗಿ ಕೆಮ್ಮಿದವಳಲ್ಲ. ಅಲ್ಲಿ ನೋಡು."

ಅವರ ಧ್ವನಿಯಲ್ಲಿ ಹೆಮ್ಮೆಯ ಜೊತೆ ಸ್ವಲ್ಪ ಅಸೂಯೆಯೂ ಇತ್ತು ಎಂದು ಈಗ ಅನಿಸುತ್ತದೆ.

ಆ ವರ್ಷದ ಮೇ ತಿಂಗಳು ಭಯಂಕರವಾಗಿತ್ತು. ನಮ್ಮ ಶಾಲೆಯಲ್ಲಿ ಬೆಳಗಿನ ಪಾಳಿಯ ಮಕ್ಕಳು ಪೂರ್ತಿ ಹೊರಗೆ ಹೋಗುವವರೆಗೆ ಮಧ್ಯಾಹ್ನದ ಪಾಳಿಯವರಿಗೆ ಗೇಟು ತೆರೆಯುತ್ತಿರಲಿಲ್ಲ. ವ್ಯಾನುಗಳೋ ಇನ್ನೊಂದು ಟ್ರಿಪ್ಪಿಗೆ ಓಡಬೇಕಾದ್ದರಿಂದ ಮಕ್ಕಳನ್ನು ಬೇಗನೆ ಇಳಿಸಿ ಹೋಗುತ್ತಿದ್ದವು. ನೆತ್ತಿಯ ಮೇಲೆ ಸೂರ್ಯ, ಕಾಲ ಕೆಳಗೆ ಕುದಿಯುವ ಡಾಂಬರು. ಮಕ್ಕಳು ಗೋಡೆಯ ಗೇಣಗಲ ನೆರಳಿಗೆ ಬೆನ್ನು ಅಂಟಿಸಿಕೊಂಡು ಸಾಲಾಗಿ ನಿಂತಿರುತ್ತಿದ್ದರು. ಒಂದು ದಿನ ಭಾಭೀಜಿ ಮತ್ತು ಕಚೇರಿಗೆ ರಜೆ ಹಾಕಿದ್ದ ನಾನು ಮಕ್ಕಳನ್ನು ಕಾರಲ್ಲಿ ಬಿಡಲು ಹೋದಾಗ ಬ್ಯಾರಿಗಳ ಕಿರಿಯ ಮಗಳು ಮೂಗಿನಿಂದ ರಕ್ತ ಸುರಿಸಿಕೊಂಡು ಅಲ್ಲಿ ಕೂತಿದ್ದಳು. ಭಾಭೀಜಿ ತಮ್ಮ ದುಪಟ್ಟಾ ನೀರಲ್ಲಿ ಅದ್ದಿ ಅವಳ ಹಣೆಗೆ ಕಟ್ಟಿ, ನೇರವಾಗಿ ಗೇಟಿಗೆ ಹೋಗಿ ಬಡಿದರು.

ಒಳಗಿನಿಂದ ಉತ್ತರ ಬಂತು. "ಮೇಡಂ, ಇದು ಆಡಳಿತ ಮಂಡಳಿಯ ನಿರ್ಧಾರ. ಏನಿದ್ದರೂ ಮಂಡಳಿಗೆ ಹೇಳಿ."

ಕಾರಿಗೆ ಬಂದು ಕೂತವರು ಇಂಜಿನ್ನು ಹಚ್ಚದೆ ಕೇಳಿದರು. "ಭೈಣ್, ಈ ಮಂಡಳಿಗೆ ಜನ ಎಲ್ಲಿಂದ ಬರ್ತಾರೆ?"

"ಪೇರೆಂಟ್ಸ್ ಓಟು ಹಾಕಿ ಆರಿಸ್ತಾರಲ್ಲ. ನಮ್ಮಂಥ ಪೇರೆಂಟ್ಸೇ ನಿಲ್ತಾರೆ. ಜನವರಿಯಲ್ಲಿ ಇಲೆಕ್ಷನ್."

"ನಾವು ಓಟು ಹಾಕಿದ್ದೇವಾ?"

ಇಲ್ಲ. ಇಬ್ಬರೂ ಹಾಕಿರಲಿಲ್ಲ. ಅದೆಲ್ಲ ಡಾಕ್ಟರು, ಇಂಜಿನಿಯರು, ದೊಡ್ಡ ಸಂಘಗಳ ಜನ ತಮ್ಮೊಳಗೆ ನೋಡಿಕೊಳ್ಳುವ ವಿಷಯ ಎಂದು ಬಿಟ್ಟಿದ್ದೆವು.

ಮುಂದಿನ ಶುಕ್ರವಾರ ಗಂಡಸರ ಕೂಗಾಟ ತುದಿ ಮುಟ್ಟಿದ್ದಾಗ ಭಾಭೀಜಿ ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದರು. "ವರ್ಷಗಟ್ಟಲೆ ಓಟಿಲ್ಲ ಓಟಿಲ್ಲ ಅಂತ ಅಳ್ತೀರಲ್ಲ, ಇಲ್ಲೇ ಒಂದು ಓಟಿದೆ. ಜನವರಿಯಲ್ಲಿ ನಾನು ನಿಲ್ತೇನೆ."

ಫೋನಿನೊಳಗಿಂದ ಕೆನಡಾದ ತಮ್ಮ ಕೇಳಿದ. "ಯಾವ ಪಾರ್ಟಿ, ಭಾಭಿ?"

"ಗೇಟಿನ ಪಾರ್ಟಿ," ಎಂದು ಭಾಭೀಜಿ ಫೋನನ್ನು ಕವುಚಿ ಹಾಕಿದರು.

ಸರ್ದಾರ್ಜಿಗೆ ಖುಷಿಯೋ ಖುಷಿ. ಪಂಜಾಬಿನಲ್ಲಿ ನಡೆಸಿದ ಹಾಗೆ ನಡೆಸುವ ಯೋಜನೆ ಹಾಕಿದರು: ಢೋಲು, ಕ್ರೇನಿನ ಮೇಲೆ ಬ್ಯಾನರು, ಎಲ್ಲರಿಗೂ ಊಟ. ಭಾಭೀಜಿ ಒಂದನ್ನೂ ಒಪ್ಪಲಿಲ್ಲ. ಬ್ಯಾನರು, ಮೆರವಣಿಗೆ ಕೂಡದು ಎಂದು ಶಾಲೆಯ ನಿಯಮವೇ ಇತ್ತು. "ನೀವು ಚಾ ಮಾಡಿ ಫ್ಲಾಸ್ಕಿಗೆ ಹಾಕಿಕೊಡಿ, ಸಾಕು," ಎಂದರು. ಸರ್ದಾರ್ಜಿ ಮುಖ ಊದಿಸಿಕೊಂಡೇ ಶುಂಠಿ ಜಜ್ಜಿದರು.

ಕಚೇರಿ ಮುಗಿಸಿ ಬಂದ ಮೇಲೆ ನಾನು ಭಾಭೀಜಿಯ ಜೊತೆ ಮನೆ ಮನೆ ತಿರುಗಿದೆ. ಮೊದಲು ಹೋದದ್ದು ಕೆಳಗಿನ ಬ್ಯಾರಿಗಳ ಅಂಗಡಿಗೆ. ಅವರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಎಂತ ಬಾಯಮ್ಮ, ನೀವು ಯಾಕೆ ಇದಕ್ಕೆಲ್ಲ ಬಿದ್ದದ್ದು? ಅವರ ಜನ ಆ ಶಾಲೆಯಲ್ಲಿ ಬೆರಳೆಣಿಕೆ ಉಂಟು. ಓಟು ಎಲ್ಲ ಭಾಷೆ ನೋಡಿ ಬೀಳುವುದು. ಗೆಲ್ಲುವುದು ಉಂಟಾ ಮಾರಾಯ್ರೆ?"

"ನಿಮ್ಮ ಮಗಳ ಹಣೆಗೆ ದುಪಟ್ಟಾ ಕಟ್ಟಿದ್ದು ಯಾರು ಅಂತ ಗೊತ್ತುಂಟಾ ಬ್ಯಾರಿಗಳೇ?" ಎಂದೆ.

ಅವರಿಗೆ ಗೊತ್ತಿರಲಿಲ್ಲ. ಯಾರೋ ಒಬ್ಬ ಆಂಟಿ ಎಂದಷ್ಟೇ ಮಗಳು ಹೇಳಿದ್ದಳಂತೆ. ಬ್ಯಾರಿಗಳು ಕೌಂಟರಿನಿಂದ ಹೊರಗೆ ಬಂದು ಭಾಭೀಜಿಯ ಮುಂದೆ ನಿಂತು, ಹಿಂದಿಯಲ್ಲಿ ಒಂದೇ ಮಾತು ಹೇಳಿದರು. "ಬೆಹನ್, ನಮ್ಮ ಕರಾವಳಿಯವರನ್ನು ನನಗೆ ಬಿಡಿ."

ಚಳಿಗಾಲದಲ್ಲಿ ಬಿಸಿಲಿನ ಮಾತು ಯಾರಿಗೆ ನಾಟುತ್ತದೆ ಎಂಬ ಚಿಂತೆ ನನ್ನದಾಗಿತ್ತು. ಡಿಸೆಂಬರಿನ ಮಸ್ಕತ್ ಎಂದರೆ ಎಲ್ಲರೂ ಸ್ವೆಟರ್ ಹುಡುಕುವ ಕಾಲ. ಭಾಭೀಜಿ ಅದಕ್ಕೂ ಒಂದು ದಾರಿ ಕಂಡುಕೊಂಡರು. ಗೇಟಿನ ಬಳಿ ಸಿಗುವ ತಾಯಂದಿರಿಂದ ಒಂದೇ ವಾಕ್ಯವನ್ನು ಅವರವರ ಭಾಷೆಯಲ್ಲಿ ಕಲಿತರು. ಮಲಯಾಳ, ತಮಿಳು, ತೆಲುಗು, ಉರ್ದು. ಕನ್ನಡದ್ದು ನಾನು ಕಲಿಸಿದೆ: "ಮೇ ತಿಂಗಳು ನೆನಪಿದೆಯಾ?" ಅವರ ಬಾಯಲ್ಲಿ ಅದು "ಮೇ ತಿಂಗ್ಳೂ ನೆನ್ಪೀದ್ಯಾ" ಎಂದು ಪಂಜಾಬಿ ರಾಗದಲ್ಲಿ ಬರುತ್ತಿತ್ತು. ಬಾಗಿಲು ತೆರೆದವರು ಮೊದಲು ನಗುತ್ತಿದ್ದರು, ಆಮೇಲೆ ಒಳಗೆ ಕರೆಯುತ್ತಿದ್ದರು. ಕೂತ ಮೇಲೆ ತಮ್ಮ ಮಗುವಿಗೆ ತಲೆ ಸುತ್ತಿದ್ದು, ವಾಂತಿಯಾದದ್ದು ಅವರೇ ಹೇಳಲು ಶುರು ಮಾಡುತ್ತಿದ್ದರು.

ಚುನಾವಣೆಗೆ ಇನ್ನೇನು ವಾರವಿದೆ ಎನ್ನುವಾಗ ಪೇರೆಂಟ್ಸ್ ಗ್ರೂಪುಗಳಲ್ಲಿ ಒಂದು ಸಂದೇಶ ಹರಿದಾಡಿತು. ಬರೆದವರು ಯಾರೆಂದು ಇರಲಿಲ್ಲ. ಇವರ ಸಂಬಂಧಿಕರು ಕೆನಡಾದಲ್ಲಿದ್ದಾರೆ, ಪ್ರತ್ಯೇಕತಾವಾದಿಗಳ ವಿಷಯಕ್ಕೆ ಭಾರತ, ಕೆನಡಾ ನಡುವೆ ಈಗ ಏನು ನಡೆಯುತ್ತಿದೆ ಎಂದು ಎಲ್ಲರಿಗೂ ಗೊತ್ತು, ಅಂಥವರ ಕೈಗೆ ನಮ್ಮ ಮಕ್ಕಳ ಶಾಲೆ ಕೊಡುವುದೇ, ಎಂದು. ಓದಿದವಳೇ ನಾನು ಎದುರು ಮನೆಗೆ ಓಡಿದೆ. ಸರ್ದಾರ್ಜಿ ಸೋಫಾದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ, "ಹೆಸರು ವಾಪಸ್ ತಗೋ ಸರ್ದಾರ್ನೀಜಿ. ನಾವು ಪರದೇಶದಲ್ಲಿ ಇರುವವರು," ಎಂದರು.

"ನಾನು ಯಾವ ತಪ್ಪು ಮಾಡಿದ್ದೇನೆ ಅಂತ ವಾಪಸ್ ತಗೊಳ್ಳಲಿ?" ಎಂದರು ಭಾಭೀಜಿ. ಧ್ವನಿ ಏರಿಸಲಿಲ್ಲ.

ಅಭ್ಯರ್ಥಿಗಳು ಮಾತಾಡುವ ಸಭೆ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಉಳಿದವರೆಲ್ಲ ಟೈ ಕಟ್ಟಿ ಬಂದು ಇಂಗ್ಲಿಷಿನಲ್ಲಿ ದೂರದೃಷ್ಟಿಯ ಬಗ್ಗೆ ಮಾತಾಡಿದರು. ಭಾಭೀಜಿ ಹಸಿರು ಸಲ್ವಾರಿನಲ್ಲಿ ಮೈಕಿನ ಮುಂದೆ ನಿಂತಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಅವರು ಅದು ಅಡಗುವವರೆಗೆ ಕಾದು, ಸರಳ ಹಿಂದಿಯಲ್ಲಿ ಹೇಳಿದರು.

"ಮೆಸೇಜು ನಾನೂ ಓದಿದೆ. ನಿಜ, ನನ್ನ ಮೈದುನ ಕೆನಡಾದಲ್ಲಿದ್ದಾನೆ, ಲಾರಿ ಓಡಿಸ್ತಾನೆ. ನನ್ನ ಅಣ್ಣ ಭಾರತದ ಸೈನ್ಯದಲ್ಲಿದ್ದಾನೆ, ಈಗ ಹಿಮದಲ್ಲಿ ಗಡಿ ಕಾಯ್ತಿದ್ದಾನೆ. ನನ್ನ ಅಮ್ಮ ದೆಹಲಿಯ ರಸ್ತೆಯಲ್ಲಿ ಸರಕಾರದ ವಿರುದ್ಧ ಕೂತವಳು. ನನ್ನ ಗಂಡ ಘಾಲಾದಲ್ಲಿ ಕ್ರೇನ್ ರಿಪೇರಿ ಮಾಡ್ತಾರೆ. ಈ ನಾಲ್ಕು ಜನ ದಾಲಿಗೆ ಉಪ್ಪು ಎಷ್ಟು ಅನ್ನುವುದರಲ್ಲೂ ಒಂದಾಗುವುದಿಲ್ಲ. ನಾನು ಅವರ್ಯಾರ ಪರವಾಗಿಯೂ ಓಟು ಕೇಳ್ತಿಲ್ಲ. ಈ ದೇಶದಲ್ಲಿ ಬೇಸಿಗೆ ಬಂದರೆ ನಡು ಮಧ್ಯಾಹ್ನ ನನ್ನ ಗಂಡ ತನ್ನ ವೆಲ್ಡರನ್ನು ಬಿಸಿಲಲ್ಲಿ ನಿಲ್ಲಿಸುವ ಹಾಗಿಲ್ಲ, ಕಾನೂನಿದೆ. ಗಟ್ಟಿಮುಟ್ಟಾದ ಗಂಡಸಿಗೆ ನೆರಳು ಕೊಡುವ ದೇಶದಲ್ಲಿ ಆರು ವರ್ಷದ ಮಗುವನ್ನು ಬಿಸಿಲಿಗೆ ನಿಲ್ಲಿಸುವವರು ನಾವು. ಗೇಟು ತೆರೆಯಬೇಕು, ಒಳಗೆ ಒಂದು ಚಪ್ಪರ ಹಾಕಬೇಕು. ನನಗೆ ಬೇರೇನೂ ಗೊತ್ತಿಲ್ಲ."

ಆಮೇಲೆ ಆ ಒಂದು ಪ್ರಶ್ನೆಯನ್ನು ಭಾಷೆಯಿಂದ ಭಾಷೆಗೆ ಕೇಳುತ್ತ ಹೋದರು. ಮಲಯಾಳದಲ್ಲಿ ಕೇಳಿದಾಗ ಬಲಗಡೆಯಿಂದ ಹೌದು ಎಂಬ ಕೂಗು ಬಂತು. ತಮಿಳಿನಲ್ಲಿ ಹಿಂದಿನಿಂದ. ಕನ್ನಡದಲ್ಲಿ ಕೇಳಿದಾಗ ನನ್ನ ಪಕ್ಕದಲ್ಲಿದ್ದ ಬ್ಯಾರಿಗಳು ಎದ್ದೇ ನಿಂತರು. "ನೆನಪುಂಟು! ನೆನಪುಂಟು ಮಾರಾಯ್ರೆ!" ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ನಾನು ಅಳುತ್ತಿದ್ದೇನೆಂದು ಗೊತ್ತಾದದ್ದು ಬ್ಯಾರಿಗಳು ಟಿಶ್ಯೂ ಕೊಟ್ಟಾಗ.

ಮತದಾನದ ಶನಿವಾರ ಸರ್ದಾರ್ಜಿ ಗುಲಾಬಿ ಪೇಟ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತಿದ್ದರು. ಊರು ಬಿಟ್ಟ ಮೇಲೆ ಅವರು ಯಾವ ಚುನಾವಣೆಯಲ್ಲೂ ಓಟು ಹಾಕಿರಲಿಲ್ಲ. ಓಟಿದ್ದರೂ ವಿಮಾನ ಹತ್ತಿ ಹೋಗಿ ಹಾಕಬೇಕಲ್ಲ. ರಜೆಗೂ ಚುನಾವಣೆಗೂ ಎಂದೂ ಹೊಂದಿಕೊಂಡಿರಲಿಲ್ಲ. ಹೊರಗೆ ಬಂದವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಮೂರು ಸಲ ಓದಿ ಗುರುತು ಹಾಕಿದೆ, ಭೈಣ್ ಜಿ," ಎಂದರು. ನನ್ನ ಗಂಡ ಕೂಡ ಓಟು ಹಾಕಿದ. ಬ್ಯಾರಿಗಳು ಅಂಗಡಿಯ ಪಿಕಪ್ಪಿನಲ್ಲಿ ಜನರನ್ನು ತಂದು ಇಳಿಸಿ, "ಯಲ್ಲಾ, ಯಲ್ಲಾ, ಬೇಗ ಬೇಗ," ಎಂದು ಒಳಗೆ ಕಳಿಸುತ್ತ ಇನ್ನೊಂದು ಟ್ರಿಪ್ಪಿಗೆ ಓಡುತ್ತಿದ್ದರು. ಪಾರ್ಕಿಂಗಿನಲ್ಲಿ ಜಾಗ ಸಾಲದೆ ಕಾರುಗಳು ರಸ್ತೆಯ ಬದಿಗೆಲ್ಲ ನಿಂತವು. ಅಷ್ಟು ಜನ ಯಾವ ವರ್ಷವೂ ಬಂದಿರಲಿಲ್ಲ ಎಂದು ಕಾವಲುಗಾರ ಹೇಳಿದ.

ಸಂಜೆ ಫಲಿತಾಂಶ ಓದಿದರು. ಐದು ಸ್ಥಾನಗಳಿದ್ದವು. ಮೊದಲ ಹೆಸರು ಬೇರೆಯವರದು. ಎರಡನೆಯದು ಭಾಭೀಜಿಯದು. ಒಂದು ಕ್ಷಣ ನಮಗೆ ಯಾರಿಗೂ ಅದು ತಲೆಗೆ ಹೋಗಲಿಲ್ಲ. ನನ್ನ ಗಂಡ ಮೊದಲು ಶಿಳ್ಳೆ ಹಾಕಿದ್ದು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಆತನಿಗೆ ಶಿಳ್ಳೆ ಬರುತ್ತದೆ ಎಂದು ಅಂದೇ ಗೊತ್ತಾದದ್ದು. ತಾಯಂದಿರು ಭಾಭೀಜಿಯನ್ನು ಸುತ್ತುವರಿದು ಅಪ್ಪಿಕೊಂಡರು. ಸರ್ದಾರ್ಜಿ ಗುಂಪಿನ ಹೊರಗೆ ನಿಂತು ಕೆನಡಾಕ್ಕೆ ವಿಡಿಯೋ ಕಾಲ್ ಮಾಡಿ, ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಅಲ್ಲಿ ಇನ್ನೂ ಬೆಳಿಗ್ಗೆ. ಲಾರಿಯ ಸೀಟಿನಲ್ಲಿ ಕೂತಿದ್ದ ತಮ್ಮ "ಭಾಭಿ ಜಿಂದಾಬಾದ್" ಎಂದು ಕೂಗುತ್ತಿದ್ದ, ಇತ್ತ ಸರ್ದಾರ್ಜಿಯೂ "ಜಿಂದಾಬಾದ್" ಎಂದು ದನಿಗೂಡಿಸುತ್ತಿದ್ದರು. ಅಣ್ಣ ತಮ್ಮ ಒಂದೇ ಮಾತು ಆಡಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಹಿಂದಿರುಗುವಾಗ ಕಾರು ಓಡಿಸಿದ್ದು ಭಾಭೀಜಿ. ಇಲ್ಲಿ ಸುಮ್ಮಸುಮ್ಮನೆ ಹಾರ್ನ್ ಹೊಡೆದರೆ ಜನ ತಿರುಗಿ ನೋಡುತ್ತಾರೆ. "ಒಂದೇ ಒಂದು ಸಲ," ಎಂದು ಸರ್ದಾರ್ಜಿ ಗೋಗರೆದರು. ವಾದಿ ಅದಾಯ್‌ನ ತಿರುವಿನಲ್ಲಿ ಭಾಭೀಜಿ ಹಾರ್ನಿನ ಮೇಲೆ ಅಂಗೈ ಇಟ್ಟವರು ನಮ್ಮ ಕಟ್ಟಡ ಬರುವವರೆಗೂ ತೆಗೆಯಲಿಲ್ಲ.

ಮಂಡಳಿಯಲ್ಲಿ ಅವರು ಹಟ ಹಿಡಿದರು. ಉಳಿದವರು, ಟೈ ಕಟ್ಟಿದವರು ಕೂಡ, ಸೇರಿಕೊಂಡರು. ಮಾರ್ಚಿನಲ್ಲಿ ಒಂದು ಶುಕ್ರವಾರ ಸರ್ದಾರ್ಜಿಯ ವೆಲ್ಡರುಗಳು ಶಾಲೆಯ ಅಂಗಳದಲ್ಲಿ ಕಂಬ ನೆಟ್ಟು ಶೀಟು ಹೊದಿಸಿದರು. ಬ್ಯಾರಿಗಳು ಎಲ್ಲರಿಗೂ ಲಬನ್ ಮಜ್ಜಿಗೆ ಕಳಿಸಿದರು. ಏಪ್ರಿಲಿನಿಂದ ಬೆಳಗಿನ ಪಾಳಿ ಹಿಂದಿನ ಗೇಟಿನಿಂದ ಹೊರಗೆ, ಮಧ್ಯಾಹ್ನದ ಪಾಳಿ ಮುಂದಿನ ಗೇಟಿನಿಂದ ಒಳಗೆ.

ಮೊದಲ ದಿನ ನಾನು ಕಚೇರಿಗೆ ಅರ್ಧ ದಿನ ರಜೆ ಹಾಕಿ ನೋಡಲು ಹೋದೆ. ಮಗ ಕಾರಿನಿಂದ ಇಳಿದವನೇ ಚಪ್ಪರದ ಕೆಳಗಿನ ಬೆಂಚಿಗೆ ಓಡಿ, ಅಲ್ಲಿ ಆಗಲೇ ಕೂತಿದ್ದ ಬ್ಯಾರಿಗಳ ಮಗಳ ಪಕ್ಕ ಚೀಲ ಎಸೆದು, ಹಿಂದಿರುಗಿ ನೋಡದೆ ಆಟಕ್ಕೆ ಹೋದ. ಭಾಭೀಜಿ ಕಂಬವೊಂದನ್ನು ಅಲುಗಾಡಿಸಿ ಗಟ್ಟಿಯಿದೆಯೇ ಎಂದು ನೋಡುತ್ತಿದ್ದರು. ನನ್ನನ್ನು ಕಂಡು, "ಭೈಣ್, ಮುಂದಿನದು ಕುಡಿಯುವ ನೀರಿನ ಕೂಲರು," ಎಂದರು.